ನಾವು ನಿಜಕ್ಕೂ ಲೆಕ್ಕ ಹಾಕಿ ನಡೆಯುತ್ತೇವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಕಡೆ ಅರ್ಥಶಾಸ್ತ್ರ ಹೇಳಿಕೊಡುವವರಿಗೆ ಒಂದು ಪಜೀತಿ ಇದೆ. ‘ಗ್ರಾಹಕ ತರ್ಕಬದ್ಧವಾಗಿ ಆಯ್ಕೆ ಮಾಡುತ್ತಾನೆ’ ಅಂತ ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ತಮ್ಮ ಮನೆಯ ಕಥೆ ತೆಗೆಯುತ್ತಾರೆ. ಕಾಕಾ ಬೋರ್ ಹೊಡೆಸಿದ್ದು, ಮಾವ ಸೈಟ್ ಕೊಂಡಿದ್ದು, ಅಣ್ಣ ಮೊಬೈಲಿನಲ್ಲಿ ಶೇರು ಆಡಿದ್ದು. ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಕೂಡಿಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಒಂದೇ ಮಾತಿನಲ್ಲಿ ಹೇಳಿ: ಮನುಷ್ಯ ಲೆಕ್ಕ ಹಾಕಿ ನಡೆಯುತ್ತಾನಾ, ಇಲ್ವಾ?

ದಿನಾ ಮಾಡುವ ವ್ಯವಹಾರದಲ್ಲಿ ಬಹಳ ಮಟ್ಟಿಗೆ ಹೌದು. ಬದುಕಿನಲ್ಲಿ ಒಂದೆರಡು ಸಲ ಮಾಡುವ ವ್ಯವಹಾರದಲ್ಲಿ ಬಹಳ ಮಟ್ಟಿಗೆ ಇಲ್ಲ. ಬದನೆಕಾಯಿ ಕೊಳ್ಳುವಾಗ ಮೋಸ ಹೋದರೆ ಈಳಿಗೆ ಮುಂದೆ ಕೂತಾಗಲೇ ಗೊತ್ತಾಗುತ್ತದೆ. ನಾಳೆ ಬೇರೆಯವರ ಹತ್ತಿರ ಕೊಳ್ಳುತ್ತೀರಿ. ಸೈಟ್, ಮದುವೆ, ಬೋರ್‌ವೆಲ್, ಮಕ್ಕಳ ಕೋರ್ಸು ಹಾಗಲ್ಲ. ತಪ್ಪಾಗಿದೆ ಅಂತ ತಿಳಿಯಲು ವರ್ಷಗಟ್ಟಲೆ ಬೇಕು. ತಿಳಿದ ಮೇಲೆ ಇನ್ನೊಂದು ಕೈ ಆಡಲು ಅವಕಾಶ ಇರುವುದಿಲ್ಲ. ಅದಕ್ಕೇ ಯಾರಾದರೂ ‘ಜನ ದಡ್ಡರು’ ಅಂದರೆ ನಾನು ತಿರುಗಿ ಕೇಳುವುದು ಇದನ್ನೇ: ಆ ವ್ಯವಹಾರ ಅವರಿಗೆ ಕಲಿಯಲು ಎಷ್ಟು ಅವಕಾಶ ಕೊಟ್ಟಿತ್ತು?

ಅರ್ಥಶಾಸ್ತ್ರದಲ್ಲಿ ತರ್ಕಬದ್ಧ ಅಂದರೆ ಸ್ವಾರ್ಥಿ ಅಂತ ತಾನೇ?

ಅಲ್ಲ. ಅಲ್ಲಿ ಕೇಳುವುದು ಇಷ್ಟೇ: ನಿಮ್ಮ ಇಷ್ಟಾನಿಷ್ಟಗಳು ಒಂದಕ್ಕೊಂದು ತಾಳೆ ಆಗುತ್ತವಾ? ಚಹಾಕ್ಕಿಂತ ಕಾಫಿ ಇಷ್ಟ, ಕಾಫಿಗಿಂತ ಮಜ್ಜಿಗೆ ಇಷ್ಟ ಅಂದವರು ಚಹಾ ಮತ್ತು ಮಜ್ಜಿಗೆ ಎದುರಿಗಿಟ್ಟರೆ ಮಜ್ಜಿಗೆ ತೆಗೆದುಕೊಳ್ಳಬೇಕು. ಅದೇ ವಸ್ತುವನ್ನು ಬೇರೆ ಮಾತಿನಲ್ಲಿ ಹೇಳಿದ ಮಾತ್ರಕ್ಕೆ ಮನಸ್ಸು ಬದಲಾಗಬಾರದು. ಹೋದ ದುಡ್ಡು ಹೋಯಿತು, ಮುಂದಿನ ತೀರ್ಮಾನಕ್ಕೆ ಅದು ಅಡ್ಡ ಬರಬಾರದು. ಜಾತ್ರೆಯ ದಾಸೋಹಕ್ಕೆ ಒಂದು ಚೀಲ ಜೋಳ ಕೊಟ್ಟು ಬಂದವರೂ ಈ ಲೆಕ್ಕದಲ್ಲಿ ತರ್ಕಬದ್ಧರೇ. ಕೊಡುವುದರಲ್ಲೇ ಅವರಿಗೆ ಸಂತೋಷವಿದೆ.

ಗ್ಯಾರಿ ಬೆಕರ್ ಕುಟುಂಬ, ಓದು, ಅಪರಾಧ ಎಲ್ಲವನ್ನೂ ಇದೇ ಕಣ್ಣಿನಿಂದ ನೋಡಿ 1992ರಲ್ಲಿ ನೊಬೆಲ್ ಪಡೆದರು. ನನ್ನ ತಕರಾರು ಒಂದೇ. ಯಾರು ಏನು ಮಾಡಿದರೂ ‘ಅವರಿಗೆ ಅದೇ ಇಷ್ಟ ಇತ್ತು’ ಅಂದುಬಿಟ್ಟರೆ ಆ ಸಿದ್ಧಾಂತ ಯಾವತ್ತೂ ಸೋಲುವುದಿಲ್ಲ.

ಮನುಷ್ಯ ಹೀಗೆ ತರ್ಕಬದ್ಧ ಅನ್ನುವುದು ಸರಿಯಿಲ್ಲ ಅಂತ ಮೊದಲು ಹೇಳಿದವರು ಯಾರು?

ಫ್ರಾನ್ಸಿನ ಮಾರಿಸ್ ಅಲ್ಲೆ 1953ರಲ್ಲೇ ಒಂದು ಲಾಟರಿ ಪ್ರಶ್ನೆ ಮುಂದಿಟ್ಟರು. ದೊಡ್ಡ ದೊಡ್ಡ ಪಂಡಿತರೇ ಅದಕ್ಕೆ ತಾವೇ ನಂಬಿದ ನಿಯಮ ಮುರಿಯುವ ಉತ್ತರ ಕೊಟ್ಟರು. ಆಮೇಲೆ ಹರ್ಬರ್ಟ್ ಸೈಮನ್. ಮನುಷ್ಯನ ಹತ್ತಿರ ಇರುವ ಸಮಯ, ಮಾಹಿತಿ, ತಲೆ ಎಲ್ಲಕ್ಕೂ ಮಿತಿ ಇದೆ, ಅದಕ್ಕೇ ಅವನು ‘ಎಲ್ಲಕ್ಕಿಂತ ಚಲೋದು’ ಹುಡುಕುವುದಿಲ್ಲ, ‘ಇಷ್ಟಿದ್ದರೆ ಸಾಕು’ ಅನ್ನುವುದು ಸಿಕ್ಕ ಕೂಡಲೇ ನಿಲ್ಲುತ್ತಾನೆ ಅಂತ ಸೈಮನ್ 1950ರ ದಶಕದಲ್ಲಿ ವಾದಿಸಿದರು. ಅವರಿಗೆ ನೊಬೆಲ್ ಬಂದಿದ್ದು 1978ರಲ್ಲಿ.

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆ ಬರುವ ಹುಡುಗರು ರೂಮು ಹುಡುಕುವುದನ್ನು ನೋಡಿ. ಊರಿನ ಎಲ್ಲ ರೂಮು ನೋಡಿ, ಬಾಡಿಗೆ-ದೂರ-ನೀರು ಎಲ್ಲದಕ್ಕೂ ಅಂಕ ಕೊಟ್ಟು ತೆಗೆದುಕೊಳ್ಳುವವರನ್ನು ನಾನು ಕಂಡಿಲ್ಲ. ಬಾಡಿಗೆ ಕೈಗೆಟಕಬೇಕು, ನೀರು ಬರಬೇಕು, ಲೈಬ್ರರಿಗೆ ನಡೆದು ಹೋಗುವಂತಿರಬೇಕು. ಮೂರೂ ಇದ್ದ ಮೊದಲ ರೂಮಿಗೆ ಅಡ್ವಾನ್ಸ್. ಕ್ಲಾಸು ಬಿಟ್ಟು ತಿಂಗಳುಗಟ್ಟಲೆ ರೂಮು ಹುಡುಕಿದರೆ ಅದು ದಡ್ಡತನ.

ಮೂರನೆಯ ದೊಡ್ಡ ಹೆಜ್ಜೆ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ ಅವರದು. 1979ರ ಅವರ ಲೇಖನದ ಮುಖ್ಯ ಮಾತು: ನಾವು ಒಟ್ಟು ಆಸ್ತಿ ಎಷ್ಟಾಯಿತು ಅಂತ ನೋಡುವುದಿಲ್ಲ, ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡು ಅದಕ್ಕಿಂತ ಮೇಲೋ ಕೆಳಗೋ ಅಂತ ನೋಡುತ್ತೇವೆ. ಗೆರೆಯ ಕೆಳಗೆ ಹೋದ ನೂರು ರೂಪಾಯಿಯ ನೋವು, ಮೇಲೆ ಬಂದ ನೂರು ರೂಪಾಯಿಯ ಖುಷಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಟ್ವರ್ಸ್ಕಿ 1996ರಲ್ಲಿ ತೀರಿಕೊಂಡರು. 2002ರ ನೊಬೆಲ್ ಕಾನೆಮನ್ ಅವರಿಗೆ ಬಂತು. ಈ ‘ಗೆರೆ’ಯನ್ನು ನೆನಪಿಡಿ, ಬ್ಯಾಡಗಿ ಮೆಣಸಿನಕಾಯಿಯ ಪ್ರಶ್ನೆಯಲ್ಲಿ ಮತ್ತೆ ಬೇಕಾಗುತ್ತದೆ.

ದುರ್ಗದಬೈಲ್ ಮಾರ್ಕೆಟಿನಲ್ಲಿ ಐದು ರೂಪಾಯಿಗೆ ಜಗಳ ಆಡುವ ನಮ್ಮವ್ವ, ಮಂಚ ಕೊಳ್ಳುವಾಗ ಐದು ನೂರು ಸುಮ್ನೆ ಬಿಡ್ತಾಳೆ. ಯಾಕ್ರೀ?

ಅವ್ವ ಒಬ್ಬರೇ ಅಲ್ಲ. ಟ್ವರ್ಸ್ಕಿ ಮತ್ತು ಕಾನೆಮನ್ 1981ರಲ್ಲಿ ಇದನ್ನೇ ಕೇಳಿ ನೋಡಿದರು. 15 ಡಾಲರಿನ ಕ್ಯಾಲ್ಕುಲೇಟರ್ ಮೇಲೆ 5 ಡಾಲರ್ ಉಳಿಯುತ್ತದೆ, ಆದರೆ 20 ನಿಮಿಷ ಗಾಡಿ ಓಡಿಸಿ ಬೇರೆ ಅಂಗಡಿಗೆ ಹೋಗಬೇಕು, ಹೋಗ್ತೀರಾ? 68% ಜನ ಹೌದು ಅಂದರು. ಕ್ಯಾಲ್ಕುಲೇಟರ್ ಬೆಲೆಯನ್ನು 125 ಡಾಲರ್ ಮಾಡಿ ಅದೇ 5 ಡಾಲರ್ ಉಳಿತಾಯ, ಅದೇ 20 ನಿಮಿಷ ಅಂದಾಗ ಹೌದು ಅಂದವರು 29% ಮಾತ್ರ. ಐದು ಡಾಲರಿಗೆ ಬರುವ ಸಾಮಾನು ಎರಡೂ ಕಡೆ ಅಷ್ಟೇ. ನಮ್ಮ ತಲೆ ಮಾತ್ರ ರೂಪಾಯಿ ನೋಡದೆ ಶೇಕಡಾ ನೋಡುತ್ತದೆ.

ಆದರೆ ಅವ್ವನ ಪರವಾಗಿ ಒಂದು ಮಾತು ಹೇಳಲೇಬೇಕು. ಕೊತ್ತಂಬರಿ ಕಟ್ಟಿನ ಬೆಲೆ ಅವರಿಗೆ ಬಾಯಿಪಾಠ. ಎಷ್ಟಕ್ಕೆ ಬರಬೇಕು, ಎಲ್ಲಿಯವರೆಗೆ ಎಳೆಯಬಹುದು, ಯಾವಾಗ ‘ಹೋಗ್ಲಿ ಬಿಡು’ ಅಂತ ಎರಡು ಹೆಜ್ಜೆ ಮುಂದೆ ನಡೆದರೆ ಮಾರುವಾಕೆ ತಿರುಗಿ ಕರೆಯುತ್ತಾಳೆ, ಎಲ್ಲ ಗೊತ್ತು. ಮಂಚ ಎಷ್ಟು ವರ್ಷಕ್ಕೊಮ್ಮೆ ಕೊಳ್ಳುತ್ತಾರೆ? ಅದರ ನಿಜವಾದ ಬೆಲೆ ಗೊತ್ತಿರುವುದು ಅಂಗಡಿಯವನಿಗೆ. ಸೈಟಿನ ವ್ಯವಹಾರದಲ್ಲಂತೂ ಇದು ಇನ್ನೂ ಕೆಟ್ಟದ್ದು. ನಲವತ್ತು ಲಕ್ಷದ ಮಾತುಕತೆಯಲ್ಲಿ ಐವತ್ತು ಸಾವಿರ ‘ಚಿಲ್ಲರೆ’ ಆಗಿಬಿಡುತ್ತದೆ.

ಅಪ್ಪ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕೂತಾರ. ಹೋದ ವರ್ಷದ ರೇಟು ಬರೂತನಕ ಮಾರಂಗಿಲ್ಲ ಅಂತಾರ. ಇದು ಸರೀನಾ?

ಈ ಪಟ್ಟಿಯಲ್ಲೇ ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಯಾಕೆಂದರೆ ಅರ್ಧ ಅಪ್ಪ ಸರಿ, ಅರ್ಧ ತಪ್ಪು.

ಮೊದಲು ಅಪ್ಪನ ಕಡೆಯ ಮಾತು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮಾಲಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದ್ದೂ ಆ ಗುಣಕ್ಕೇ. ಹೊರಗೆ ಗೋಣಿಚೀಲದಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ. ತಣ್ಣಗಿಟ್ಟರೆ ಉಳಿಯುತ್ತದೆ. ಸುಗ್ಗಿಯಲ್ಲಿ ಎಲ್ಲರ ಕಾಯಿಯೂ ಒಟ್ಟಿಗೆ ಬಂದು ಬೀಳುತ್ತದೆ, ಆಗ ದರ ಇಳಿಯುವುದು ಸಹಜ. ಆವಕ ಕಡಿಮೆ ಆಗುವವರೆಗೆ ಕಾಯುವುದು ಜಾಣರ ಕೆಲಸವೇ. ಕೈಯಲ್ಲಿ ಮಾಲು ಇದ್ದರೆ ಮಾರುವ ದಿನ ಆರಿಸುವ ಹಕ್ಕು ನಿಮ್ಮದು. ಆ ಹಕ್ಕಿಗೂ ಬೆಲೆ ಇದೆ.

ಇನ್ನು ತಪ್ಪಿರುವುದು ‘ಹೋದ ವರ್ಷದ ರೇಟು’ ಅನ್ನುವುದರಲ್ಲಿ. ಲೆಕ್ಕಕ್ಕೆ ಇಟ್ಟುಕೊಳ್ಳಿ: ಹೋದ ವರ್ಷ ಕ್ವಿಂಟಲಿಗೆ 40,000 ಸಿಕ್ಕಿತ್ತು, ಇವತ್ತು 25,000 ಕೇಳುತ್ತಿದ್ದಾರೆ. ಇವತ್ತು ಮಾರಿದರೆ ಆ 25,000 ಕೈಗೆ ಬಂದು ಸಾಲ ತೀರುತ್ತದೆ. ವರ್ಷಕ್ಕೆ 12% ಬಡ್ಡಿ ಅಂತ ಹಿಡಿದರೆ ತಿಂಗಳಿಗೆ 250 ರೂಪಾಯಿ. ಎಂಟು ತಿಂಗಳಿಗೆ 2,000. ಸ್ಟೋರೇಜ್ ಬಾಡಿಗೆ, ಹಮಾಲಿ, ಸಾಗಾಟ ಸೇರಿ 500 ಅನ್ನಿ. ಎಂಟು ತಿಂಗಳ ಮೇಲೆ 27,500 ಬಂದರೆ ಇವತ್ತು ಮಾರಿದ್ದಕ್ಕೆ ಸಮ. ಅಪ್ಪ ತಲೆ ಕೆಡಿಸಿಕೊಳ್ಳಬೇಕಾದ ಅಂಕಿ ಇದೊಂದೇ. 27,500ಕ್ಕಿಂತ ಮೇಲೆ ಹೋಗುತ್ತದೆ ಅಂತ ಅನಿಸಿದರೆ ಇಡಲಿ, ಇಲ್ಲವಾದರೆ ಮಾರಲಿ. ಈ ಲೆಕ್ಕದಲ್ಲಿ 40,000 ಎಲ್ಲೂ ಬರಲೇ ಇಲ್ಲ ಅಲ್ವಾ?

ಆದರೂ ಅಪ್ಪನ ಮನಸ್ಸಿನ ಗೆರೆ ಇರುವುದು ಅಲ್ಲೇ, 40,000ದಲ್ಲಿ. ಅದಕ್ಕಿಂತ ಕೆಳಗೆ ಮಾರಿದರೆ ಅದು ‘ಲುಕ್ಸಾನು’. ಲುಕ್ಸಾನಿನ ನೋವು ಎರಡು ಪಟ್ಟು. ಮಾರದೆ ಇಟ್ಟರೆ ಲುಕ್ಸಾನು ಇನ್ನೂ ಆಗಿಲ್ಲ ಅಂತ ಒಂದು ಸಮಾಧಾನ. ಶೇರು ಪೇಟೆಯಲ್ಲೂ ಇದೇ ಚಟ ಇದೆ ಅಂತ ಹರ್ಷ್ ಶೆಫ್ರಿನ್, ಮೀರ್ ಸ್ಟ್ಯಾಟ್‌ಮನ್ 1985ರಲ್ಲಿ ತೋರಿಸಿದರು. ಲಾಭದಲ್ಲಿರುವ ಶೇರನ್ನು ಜನ ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಹಿಡಿದು ಕೂರುತ್ತಾರೆ.

ಅಪ್ಪನಿಗೆ ಭಾಷಣ ಮಾಡಬೇಡಿ. ಒಂದೇ ಪ್ರಶ್ನೆ ಕೇಳಿ: “ಅಪ್ಪಾ, ಈಗ ನಮ್ಮ ಕೈಯಾಗ ಕಾಯಿ ಇಲ್ಲ, ರೊಕ್ಕ ಐತಿ ಅಂತ ತಿಳಕೋ. ಇವತ್ತಿನ ರೇಟಿಗೆ ಕಾಯಿ ಕೊಂಡು ಸ್ಟೋರೇಜಿನ್ಯಾಗ ಇಡ್ತೀಯೇನು?” ಇಡ್ತೀನಿ ಅಂದರೆ ಅವರಿಗೆ ಪೇಟೆಯ ಮೇಲೆ ನಿಜವಾದ ನಂಬಿಕೆ ಇದೆ, ಗೌರವಿಸಿ. ‘ಹುಚ್ಚು ಹಿಡದೈತೇನು ನನಗ’ ಅಂದರೆ ಉತ್ತರ ಸಿಕ್ಕಂತಾಯಿತು.

ಉಳ್ಳಾಗಡ್ಡಿಗೆ ರೇಟು ಬಂದ ಮರುವರ್ಷ ಊರಿಗೆ ಊರೇ ಉಳ್ಳಾಗಡ್ಡಿ ಹಾಕುತ್ತದೆ, ರೇಟು ಬೀಳುತ್ತದೆ. ರೈತರಿಗೆ ಇಷ್ಟೂ ಗೊತ್ತಾಗಲ್ವಾ?

ಗೊತ್ತಾಗುತ್ತದೆ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಯಾವ ರೈತರನ್ನು ಕೇಳಿದರೂ ಈ ಚಕ್ರವನ್ನು ನಿಮಗಿಂತ ಚೆನ್ನಾಗಿ ವಿವರಿಸುತ್ತಾರೆ. ಅರ್ಥಶಾಸ್ತ್ರಕ್ಕೂ ಇದು ಹಳೆಯದು. ಮಾರ್ಡಿಕೈ ಎಝಿಕಿಯಲ್ 1938ರಲ್ಲಿ ಇದನ್ನು ಜೇಡರ ಬಲೆಯ ಸಿದ್ಧಾಂತವಾಗಿ ಬರೆದರು. ಹೋದ ಹಂಗಾಮಿನ ದರ ನೋಡಿ ಬಿತ್ತುತ್ತಾರೆ, ಬೆಳೆ ಬರುವಷ್ಟರಲ್ಲಿ ದರ ಬೇರೆಯೇ ಆಗಿರುತ್ತದೆ. ಇಡೀ ಊರು ವರ್ಷ ವರ್ಷ ಅದೇ ತಪ್ಪು ಮಾಡುತ್ತಾ ಇರಲು ಸಾಧ್ಯವಿಲ್ಲ, ಜನ ಮುಂದಿನದನ್ನು ಊಹಿಸುತ್ತಾರೆ ಅಂತ ಜಾನ್ ಮ್ಯೂತ್ 1961ರಲ್ಲಿ ಎದುರು ವಾದ ಹೂಡಿದರು.

ನಾನು ಕಂಡಂತೆ ನಿಜ ನಡುವೆ ಇದೆ. ದರ ಬೀಳಬಹುದು ಅಂತ ಎಲ್ಲರಿಗೂ ಗೊತ್ತು. ‘ಎಲ್ಲರೂ ಬಿಡ್ತಾರ, ನಾನು ಹಾಕ್ತೀನಿ’ ಅಂತ ಯೋಚಿಸುವವರೂ ಇದ್ದಾರೆ, ಸಮಸ್ಯೆ ಏನೆಂದರೆ ಅಂಥವರೂ ಬಹಳ ಜನ. ಅದರ ಮೇಲೆ ಮಳೆಯ ಲೆಕ್ಕ. ಅದರ ಮೇಲೆ ರಫ್ತಿನ ಲೆಕ್ಕ: 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನೇ ನಿಷೇಧಿಸಿತು. ಬಿತ್ತುವ ದಿನ ಅದನ್ನು ಯಾರು ಊಹಿಸಿದ್ದರು? ಮುಂಗಾರಿನ ಉಳ್ಳಾಗಡ್ಡಿ ಜಾಸ್ತಿ ದಿನ ಇಟ್ಟರೆ ಕೊಳೆಯುತ್ತದೆ. ಮೆಣಸಿನಕಾಯಿಯ ಹಾಗೆ ಕಾಯುವ ಮಾತೇ ಇಲ್ಲ. ಇಲ್ಲಿ ತಪ್ಪಿರುವುದು ರೈತರ ತಲೆಯಲ್ಲಿ ಅಂತ ನನಗೆ ಅನ್ನಿಸಿಲ್ಲ.

ಬೋರ್ ಮುನ್ನೂರು ಅಡಿ ಹೋದರೂ ನೀರಿಲ್ಲ. ‘ಇನ್ನ ಐವತ್ತು ಅಡಿ ನೋಡೋಣ್ರಿ’ ಅಂದ ಕೂಡಲೇ ಕಾಕಾ ಹೂಂ ಅಂದುಬಿಟ್ಟರು. ಯಾಕೆ ನಿಲ್ಲಿಸಲು ಆಗಲ್ಲ?

ಆ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿದವರಿಗೆ ಗೊತ್ತು. ಕಂಪ್ರೆಸರ್ ಸದ್ದಿಗೆ ಮಾತು ಕೇಳುವುದಿಲ್ಲ. ಕೊಳವೆ ಬಾಯಿಂದ ಒಣ ಪುಡಿ ಹಾರಿ ಎಲ್ಲರ ತಲೆ, ಹುಬ್ಬು ಬೆಳ್ಳಗಾಗಿರುತ್ತದೆ. ಪುಡಿ ಸ್ವಲ್ಪ ಬಣ್ಣ ಬದಲಿಸಿದರೂ ಸಾಕು, ‘ಪಸಿ ಕಾಣಾಕತ್ತೈತಿ’ ಅಂತ ಯಾರೋ ಕೂಗುತ್ತಾರೆ. ಮನೆಯವರೆಲ್ಲ ಬಂದು ನಿಂತಿದ್ದಾರೆ, ಕಾಯಿ ಒಡೆದಾಗಿದೆ. ಆಳ ಹೋದಷ್ಟೂ ಅಡಿಯ ರೇಟು ಏರುತ್ತದೆ. ಈಗ ನಿಲ್ಲಿಸಿದರೆ ಮುನ್ನೂರು ಅಡಿಯ ದುಡ್ಡು ಮಣ್ಣುಪಾಲು ಅಂತ ಎಲ್ಲರ ಮುಂದೆ ಒಪ್ಪಿಕೊಂಡಂತೆ. ಮುಂದುವರಿಸಿದರೆ ಇನ್ನೂ ಆಸೆ ಇದೆ.

ಹಾಕಿದ ದುಡ್ಡಿನ ಮೋಹ ಅಂದರೆ ಇದೇ. ಆದರೆ ಕಾದಿದ್ದೆಲ್ಲ ದಡ್ಡತನವೂ ಅಲ್ಲ. ಬಸ್ ಸ್ಟಾಪಿನಲ್ಲಿ ‘ಇಷ್ಟೊತ್ತು ಕಾದೀನಿ, ಇನ್ನೈದು ನಿಮಿಷ’ ಅನ್ನುವವರು ಬಹಳ ಸಲ ಸರಿಯೇ ಇರುತ್ತಾರೆ. ಚಿಗರಿ ಬಸ್ಸು ಇಂತಿಷ್ಟು ಹೊತ್ತಿಗೊಂದು ಬರುತ್ತದೆ ಅಂತಾದರೆ ಕಾದಷ್ಟೂ ಬಸ್ಸು ಹತ್ತಿರವಾಗುತ್ತದೆ. ಒಣ ಕಲ್ಲಿನಲ್ಲಿ ಕೊರೆದ ಮುನ್ನೂರು ಅಡಿ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕೆಲವು ಜಾಗದಲ್ಲಿ ಆಳಕ್ಕೆ ಹೋದಷ್ಟೂ ನೀರಿನ ಬಿರುಕು ಸಿಗುವ ಸಾಧ್ಯತೆ ಕಡಿಮೆಯೇ ಆಗುತ್ತದೆ.

ಉಪಾಯ ಇಷ್ಟೇ. ಲಾರಿ ಬರುವ ಹಿಂದಿನ ದಿನವೇ ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಗೊತ್ತು ಮಾಡಿ. ಸುತ್ತಲಿನ ಹೊಲಗಳ ಬೋರು ಎಷ್ಟಕ್ಕೆ ನೀರು ಕೊಟ್ಟಿವೆ ಅಂತ ಕೇಳಿ ಅಂಕಿ ಬರೆದಿಡಿ. ನಿಲ್ಲಿಸಿ ಅನ್ನುವ ಅಧಿಕಾರವನ್ನು ಆ ದಿನ ಮನೆಯಲ್ಲೇ ಇರುವ ಯಾರಿಗಾದರೂ ಕೊಡಿ. ಪುಡಿ ಮೆತ್ತಿಕೊಂಡು ನಿಂತವರಿಗೆ ಬೇಡ.

ನನ್ನ ತಮ್ಮ ಸರ್ಕಾರಿ ನೌಕರಿ ಪರೀಕ್ಷೆ ಬರೆಯುತ್ತಲೇ ಇದ್ದಾನೆ. ವಯಸ್ಸು ಮೀರುತ್ತಿದೆ. ಇದೂ ಬೋರ್‌ವೆಲ್ಲೇನಾ?

ಅರ್ಧ ಮಾತ್ರ. ಪಾಸಾದರೆ ಸಿಗುವುದು ಸಂಬಳ ಒಂದೇ ಅಲ್ಲ. ಭದ್ರತೆ, ಊರಲ್ಲಿ ಮರ್ಯಾದೆ, ಮದುವೆ ಮಾತುಕತೆಯಲ್ಲಿ ತೂಕ. ಅವಕಾಶ ನೂರಕ್ಕೆ ಒಂದಿದ್ದರೂ ಒಂದೆರಡು ಸಲ ಬರೆಯುವುದು ಲೆಕ್ಕಕ್ಕೆ ಕೂಡುತ್ತದೆ. ತೊಂದರೆ ಬರುವುದು ಎರಡು ಕಡೆ. ಬಹಳ ಸಣ್ಣ ಸಾಧ್ಯತೆಯನ್ನು ಮನಸ್ಸು ಇರುವುದಕ್ಕಿಂತ ದೊಡ್ಡದು ಮಾಡಿ ನೋಡುತ್ತದೆ. ಇದೂ ಕಾನೆಮನ್-ಟ್ವರ್ಸ್ಕಿ ಲೇಖನದಲ್ಲಿದೆ. ಇನ್ನೊಂದು, ಸಪ್ತಾಪುರದ ಫ್ಲೆಕ್ಸ್‌ಗಳಲ್ಲಿ ಕಾಣುವುದು ಪಾಸಾದವರ ಮುಖ ಮಾತ್ರ. ಆಗದವರ ಫ್ಲೆಕ್ಸ್ ಯಾರು ಹಾಕ್ತಾರೆ?

ತಮ್ಮನನ್ನು ‘ಇಷ್ಟು ವರ್ಷ ಹಾಳು ಮಾಡಿದಿ’ ಅಂತ ಬೈಯಬೇಡಿ. ಬೈದಷ್ಟೂ ಅವನು ಹಟ ಹಿಡಿಯುತ್ತಾನೆ. ಅಂಕ ಏರುತ್ತಿದೆಯಾ ನೋಡಿ. ಪ್ರತಿ ಸಲ ಕಟ್‌ಆಫ್ ಹತ್ತಿರ ಬರುತ್ತಿದ್ದರೆ ಕಾಯಬಹುದು. ನಿಂತಲ್ಲೇ ನಿಂತಿದ್ದರೆ ಹೋದ ವರ್ಷಗಳ ಮಾತು ತೆಗೆಯದೆ ಮುಂದಿನ ಎರಡು ವರ್ಷದಲ್ಲಿ ಬೇರೆ ಏನು ಮಾಡಬಹುದು ಅನ್ನುವುದನ್ನು ಮಾತಾಡಿ.

ಭಿಶಿ, ಪಿಗ್ಮಿ ಎರಡರಲ್ಲೂ ಲಾಭ ಕಡಿಮೆ. ಆದರೂ ಜನ ಬಿಡಲ್ಲ. ಇದಕ್ಕೇನು ಹೇಳ್ತೀರಿ?

ಜಾಣತನ ಅಂತಲೇ ಹೇಳ್ತೇನೆ. ಪಿಗ್ಮಿ ಅಂದರೆ ಏಜೆಂಟರು ದಿನಾ ಬಂದು ಕಟ್ಟಿಸಿಕೊಂಡು ಹೋಗುವ ಸಣ್ಣ ಉಳಿತಾಯ, ಭಿಶಿ ಅಂದರೆ ಗುರುತಿನವರು ಸೇರಿ ದುಡ್ಡು ಹಾಕಿ ಸರದಿಯಂತೆ ಎತ್ತುವ ಚೀಟಿ. ಮನೆಯಲ್ಲಿ ಇಟ್ಟ ದುಡ್ಡು ಉಳಿಯುವುದಿಲ್ಲ ಅಂತ ಅಂಗಡಿಯವರಿಗೆ ಗೊತ್ತು. ಸಂಜೆ ಗಲ್ಲಾ ಮುಚ್ಚುವ ಮುಂಚೆ ಪಿಗ್ಮಿಯವರು ಬಂದು ನಿಂತರೆ ನೂರು ರೂಪಾಯಿ ಕೊಡಲೇಬೇಕು. ಸಿಂಡಿಕೇಟ್ ಬ್ಯಾಂಕಿನವರು ಉಡುಪಿಯಲ್ಲಿ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯಿಂದ ಕಟ್ಟಬಹುದಿತ್ತು. ಸ್ವಂತ ದುಡ್ಡು ಉಳಿಸಿಕೊಳ್ಳಲು ಬಡ್ಡಿಯಲ್ಲಿ ಸ್ವಲ್ಪ ಬಿಟ್ಟುಕೊಡುವುದು ಪುಸ್ತಕದ ತರ್ಕಕ್ಕೆ ವಿಚಿತ್ರ. ತನ್ನ ಕೈ ಎಷ್ಟು ಸಡಿಲ ಅಂತ ಬಲ್ಲವರಿಗೆ ಅದು ಸಂಬಳ ಕೊಟ್ಟು ಕಾವಲುಗಾರನನ್ನು ಇಟ್ಟುಕೊಂಡ ಹಾಗೆ.

ಭಿಶಿಯಲ್ಲಿ ಕಾವಲು ಇನ್ನೂ ಗಟ್ಟಿ. ಅಲ್ಲಿ ಕೇಳುವವರು ಬ್ಯಾಂಕಿನವರಲ್ಲ, ಪಕ್ಕದ ಮನೆ ಅಕ್ಕ. ಆದರೆ ಗುರುತಿನವರ ಸಣ್ಣ ಭಿಶಿಯೇ ಬೇರೆ, ಯಾರೋ ಅಪರಿಚಿತರು ‘ಡಬಲ್’ ಅಂತ ಆಸೆ ತೋರಿಸುವ ಸ್ಕೀಮೇ ಬೇರೆ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ನಮ್ಮ ಕಡೆ ಇದಕ್ಕೆ ಒಂದು ಹಿರಿಯ ಸಾಕ್ಷಿಯೂ ಇದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಶುರುವಾಯಿತು. ಏಷ್ಯಾದಲ್ಲೇ ಮೊದಲನೆಯದು ಅಂತ ಅದು ಹೆಸರಾಗಿದೆ. ಸಾಲ ಪಡೆದವರು ಯಾರು, ತೀರಿಸುವವರಾ ಅಂತ ಊರಿಗೇ ಗೊತ್ತಿದ್ದ ಕಡೆ ಹುಟ್ಟಿದ ಲೆಕ್ಕಾಚಾರ ಅದು.

ಗೃಹಲಕ್ಷ್ಮಿಯ 2,000 ಬೇರೆ ಡಬ್ಬಿಯಲ್ಲಿ ಇಡುತ್ತಾಳೆ ನನ್ನ ಹೆಂಡತಿ. ಮನೆಯಲ್ಲಿ ಕೈಗಡ ಇದ್ದಾಗಲೂ ಮುಟ್ಟಲ್ಲ. ರೊಕ್ಕ ಎಲ್ಲ ಒಂದೇ ಅಲ್ವಾ?

ಪುಸ್ತಕದಲ್ಲಿ ಒಂದೇ. ರಿಚರ್ಡ್ ಥೇಲರ್ ಇದನ್ನು ಮನಸ್ಸಿನ ಖಾತೆಗಳು ಅಂತ ಕರೆದು ಬಹಳ ಬರೆದರು, 2017ರಲ್ಲಿ ನೊಬೆಲ್ ಪಡೆದರು. ಹಾಲಿನ ದುಡ್ಡು, ಸ್ಕೂಲ್ ಫೀ ದುಡ್ಡು, ಹಬ್ಬದ ದುಡ್ಡು ಅಂತ ನಾವು ಗೋಡೆ ಕಟ್ಟುತ್ತೇವೆ. ಕೈಗಡಕ್ಕೆ ಬಡ್ಡಿ ಇದ್ದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಬಡ್ಡಿ ಇಲ್ಲದಿದ್ದರೆ ಸುಮ್ಮನಿರಿ. ಎಲ್ಲ ರೊಕ್ಕವನ್ನೂ ಒಂದೇ ಕಡೆ ಹಾಕಿದ ಮನೆಗಳಲ್ಲಿ ಮಗಳ ಫೀಗೆ ಅಂತ ಏನಾದರೂ ಉಳಿದಿರುತ್ತದಾ ಅಂತ ಅವರನ್ನೇ ಕೇಳಿ ನೋಡಿ.

ಸಾಲ ಮಾಡಿ ಜೋರು ಮದುವೆ ಮಾಡುವುದು?

ಒಬ್ಬೊಬ್ಬರ ಲೆಕ್ಕ ಸರಿ, ಎಲ್ಲರದೂ ಕೂಡಿಸಿದರೆ ತಪ್ಪು. ಪಕ್ಕದವರು ಸಾವಿರ ಎಲೆ ಹಾಕಿದಾಗ ನೀವು ಮುನ್ನೂರಕ್ಕೆ ನಿಲ್ಲಿಸಿದರೆ ಜನ ‘ಕೈ ಬರಿದಾಗೇದ’ ಅಂತಾರೆ. ಇನ್ನೊಬ್ಬ ಮಗಳ ಮಾತುಕತೆಗೂ ಅದು ಮುಟ್ಟುತ್ತದೆ. ಎಲ್ಲರೂ ಒಟ್ಟಿಗೆ ಇಳಿಸಿದರೆ ಯಾರಿಗೂ ಕಳೆಯುವುದಿಲ್ಲ, ಆದರೆ ಮೊದಲು ಇಳಿಸಲು ಯಾರೂ ತಯಾರಿಲ್ಲ. ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹ ಈ ಗಂಟನ್ನು ಬಿಡಿಸುತ್ತದೆ. ಸ್ವಾಮಿಗಳ ಸಮ್ಮುಖದಲ್ಲಿ ಸರಳ ಮದುವೆ ಆದರೆ ಅದನ್ನು ಬಡತನ ಅಂತ ಯಾರೂ ಅನ್ನುವುದಿಲ್ಲ.

ಪೇಡೆ ಅಂಗಡಿ ಮುಂದೆ ಸಾಲು ನೋಡಿ ನಾವೂ ಅಲ್ಲೇ ನಿಲ್ಲುವುದು ಕುರಿಮಂದೆ ಬುದ್ಧಿ ಅಲ್ವಾ?

ಧಾರವಾಡಕ್ಕೆ ಹೊಸಬರಾಗಿದ್ದರೆ ಅದೇ ಸರಿಯಾದ ಬುದ್ಧಿ. ಊರಿನವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಲ್ಲುವುದು ಖರ್ಚಿಲ್ಲದ ಮಾಹಿತಿ. ಸಾಲಿನಲ್ಲಿ ಇರುವವರೆಲ್ಲ ನಿಮ್ಮ ಹಾಗೇ ಟೂರಿಗೆ ಬಂದವರಾದರೆ ಮಾತ್ರ ಕಷ್ಟ.

ಚಿಲ್ಲರೆ ದುಡ್ಡಿಗೆ ಆಸೆಪಡದೆ ‘ಬ್ಯಾಡ ನಿನ್ನ ರೊಕ್ಕ’ ಅಂತ ಎದ್ದು ಬರುವವರನ್ನು ಏನನ್ನಬೇಕು?

1982ರಲ್ಲಿ ಜರ್ಮನಿಯಲ್ಲಿ ವೆರ್ನರ್ ಗ್ಯೂಟ್ ಮತ್ತು ಸಂಗಡಿಗರು ಒಂದು ಆಟ ಆಡಿಸಿದರು. ಒಬ್ಬರಿಗೆ ದುಡ್ಡು ಕೊಟ್ಟು, ಇನ್ನೊಬ್ಬರಿಗೆ ಪಾಲು ಕೊಡು ಅಂದರು. ಇನ್ನೊಬ್ಬರು ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಒಂದು ರೂಪಾಯಿ ಕೊಟ್ಟರೂ ಸೊನ್ನೆಗಿಂತ ಮೇಲೇ ತಾನೇ? ಆದರೆ ಆಮೇಲೆ ಎಷ್ಟೋ ದೇಶಗಳಲ್ಲಿ ಈ ಆಟ ಆಡಿಸಿದಾಗಲೂ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಕೊಟ್ಟವರಿಗೆ ಬಹಳ ಜನ ಮುಖದ ಮೇಲೆ ಹೊಡೆದಂತೆ ಬೇಡ ಅಂದರು. ಅನ್ಯಾಯಕ್ಕೆ ಶಿಕ್ಷೆ ಕೊಡಲು ಜನ ಕೈಯಿಂದ ದುಡ್ಡು ಕಳೆದುಕೊಳ್ಳಲೂ ತಯಾರು.

2024ರ ಮಾರ್ಚಿನಲ್ಲಿ ದರ ಒಮ್ಮೆಲೇ ಬಿದ್ದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೂ ನೆನಪಿರಬಹುದು. ಬೆಂಕಿಯನ್ನು ಸಮರ್ಥಿಸಲು ಆಗುವುದಿಲ್ಲ. ಆದರೆ ದರ ಕಡಿಮೆ ಅನ್ನುವುದು ಬೇರೆ, ದರದಲ್ಲಿ ಮೋಸ ನಡೆದಿದೆ ಅಂತ ಅನ್ನಿಸುವುದು ಬೇರೆ. ಎರಡನೆಯದಕ್ಕೆ ಬರುವ ಸಿಟ್ಟಿನಲ್ಲಿ ಲಾಭ-ನಷ್ಟದ ಲೆಕ್ಕ ಯಾರೂ ಹಾಕುವುದಿಲ್ಲ.

ಅಣ್ಣ ಮೊಬೈಲಿನಲ್ಲಿ ಆಪ್ಷನ್ಸ್ ಆಡುತ್ತಾನೆ. ‘ನನಗೆ ಚಾರ್ಟ್ ಓದಲು ಬರುತ್ತದೆ’ ಅನ್ನುತ್ತಾನೆ.

ಇಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಶೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಶೇರಿನ ಮುಂದಿನ ಬೆಲೆಯ ಮೇಲೆ ನಡೆಯುವ ವ್ಯವಹಾರ) ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93% ನಷ್ಟ ಮಾಡಿಕೊಂಡರು. ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಎಲ್ಲ ಕೂಡಿಸಿದರೆ 1.8 ಲಕ್ಷ ಕೋಟಿಗೂ ಜಾಸ್ತಿ. ಅಣ್ಣನಿಗೆ ಚಾರ್ಟ್ ಓದಲು ಬರಬಹುದು. ಎದುರಿಗೆ ಕೂತವರ ಪರವಾಗಿ ಕಂಪ್ಯೂಟರುಗಳೇ ಆಡುತ್ತವೆ.

ಇದು ದಿನಾ ಆಡುವ ಆಟ ಅಲ್ವಾ, ಕಲಿಯಬೇಕಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕಲಿಯಬೇಕಾದರೆ ಯಾಕೆ ಗೆದ್ದೆ, ಯಾಕೆ ಸೋತೆ ಅಂತ ಗೊತ್ತಾಗಬೇಕು. ಇಲ್ಲಿ ಗೆದ್ದರೆ ನನ್ನ ಜಾಣತನ, ಸೋತರೆ ಮಾರ್ಕೆಟ್ ಕೆಟ್ಟಿತ್ತು. ಅಮೆರಿಕದ ಬ್ರಾಡ್ ಬಾರ್ಬರ್, ಟೆರನ್ಸ್ ಓಡೀನ್ 66,465 ಕುಟುಂಬಗಳ ಶೇರು ಖಾತೆ ನೋಡಿ 2000ದಲ್ಲಿ ಬರೆದಿದ್ದನ್ನು ಅಣ್ಣನಿಗೆ ತೋರಿಸಿ: ಎಲ್ಲರಿಗಿಂತ ಜಾಸ್ತಿ ಕೊಂಡು-ಮಾರಿದವರಿಗೆ ವರ್ಷಕ್ಕೆ 11.4% ಬಂತು, ಅದೇ ಹೊತ್ತಿನಲ್ಲಿ ಪೇಟೆ ಕೊಟ್ಟಿದ್ದು 17.9%.

ಬಡವರು ದುಡ್ಡಿನ ವಿಷಯದಲ್ಲಿ ಮುಂದಾಲೋಚನೆ ಮಾಡಲ್ಲ ಅಂತಾರೆ. ನಿಜಾನಾ?

ಹಾಗಂತ ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೆಂಧಿಲ್ ಮುಲ್ಲೈನಾಥನ್ ಅದರಲ್ಲಿ ಒಬ್ಬರು. ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ, ಕಟಾವಾಗಿ ದುಡ್ಡು ಬಂದ ಮೇಲೆ, ಅದೇ ರೈತರಿಗೆ ಬುದ್ಧಿಯ ಪರೀಕ್ಷೆ ಕೊಟ್ಟರು. ದುಡ್ಡು ಬಂದ ಮೇಲೆ ಅಂಕ ಜಾಸ್ತಿ ಬಂತು. ಮನುಷ್ಯ ಬದಲಾಗಿರಲಿಲ್ಲ, ತಲೆಯ ಮೇಲಿನ ಚಿಂತೆ ಇಳಿದಿತ್ತು.

ಈ ಸಂಶೋಧನೆಗಳೆಲ್ಲ ಸುಳ್ಳು ಅಂತ ಆಮೇಲೆ ಗೊತ್ತಾಯಿತಂತೆ?

ಎಲ್ಲ ಅಲ್ಲ, ಕೆಲವು. ಪ್ರಾಮಾಣಿಕತೆಯ ಬಗ್ಗೆ 2012ರಲ್ಲಿ ಹೆಸರು ಮಾಡಿದ ಒಂದು ಲೇಖನದ ಅಂಕಿಗಳೇ ನಕಲಿ ಅಂತ ಕಂಡು 2021ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಯಾವುದೋ ಪದ ಓದಿಸಿದರೆ ಜನರ ನಡವಳಿಕೆಯೇ ಬದಲಾಗುತ್ತದೆ ಅನ್ನುವಂಥ ಪ್ರಯೋಗಗಳು ಮತ್ತೆ ಮಾಡಿದಾಗ ನಿಲ್ಲಲಿಲ್ಲ. ಅವನ್ನು ಅತಿಯಾಗಿ ನಂಬಿದ್ದೆ ಅಂತ ಕಾನೆಮನ್ ಅವರೇ 2017ರಲ್ಲಿ ಒಪ್ಪಿಕೊಂಡರು. ಆದರೆ 1979ರ ಅವರ ಮೂಲ ಪ್ರಶ್ನೆಗಳನ್ನು 19 ದೇಶಗಳಲ್ಲಿ ಮತ್ತೆ ಕೇಳಿ ನೋಡಿದ ಫಲಿತಾಂಶ 2020ರಲ್ಲಿ ಬಂತು. ಅದು ಬಹುಮಟ್ಟಿಗೆ ಗಟ್ಟಿಯಾಗಿ ನಿಂತಿದೆ.

ಅನುಭವದಿಂದ ಈ ತಪ್ಪುಗಳು ಹೋಗುತ್ತವಾ?

ಹೋಗುತ್ತವೆ, ಅದೇ ವ್ಯವಹಾರದಲ್ಲಿ ಪಳಗಿದರೆ. ಕೈಗೆ ಬಂದ ವಸ್ತುವಿಗೆ ನಾವು ಇಲ್ಲದ ಬೆಲೆ ಕಟ್ಟುತ್ತೇವೆ, ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಜಾನ್ ಲಿಸ್ಟ್ ಆಟಗಾರರ ಚಿತ್ರವಿರುವ ಕಾರ್ಡು ಕೊಳ್ಳುವ-ಮಾರುವ ಸಂತೆಯಲ್ಲಿ ಇದನ್ನು ಪರೀಕ್ಷಿಸಿ 2003ರಲ್ಲಿ ಬರೆದರು. ಹೊಸಬರಲ್ಲಿ ಆ ಮೋಹ ಜೋರಾಗಿತ್ತು. ವರ್ಷಗಟ್ಟಲೆ ವ್ಯಾಪಾರ ಮಾಡಿದವರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಮಾಲಿನ ಜೊತೆ ಪ್ರೀತಿ ಬೆಳೆಸಿಕೊಂಡ ದಲಾಲಿಯನ್ನು ನೀವು ನೋಡಿದ್ದೀರಾ? ಅದೇ ದಲಾಲಿ ಮಗನ ಮದುವೆಗೆ ನಿಂತರೆ ನಮ್ಮ ನಿಮ್ಮ ಹಾಗೇ. ಹಾಗಾಗಿ ಅಪರೂಪದ ವ್ಯವಹಾರಕ್ಕೆ ಕೈ ಹಾಕುವ ಮುಂಚೆ, ಅದನ್ನೇ ದಿನಾ ಮಾಡುವ, ಆದರೆ ನಿಮ್ಮಿಂದ ಕಮಿಷನ್ ಬಾರದ ಒಬ್ಬರನ್ನು ಹುಡುಕಿ ಕೇಳಿ. ಕಮಿಷನ್ ಮಾತು ಮುಖ್ಯ.

ಹಾಗಾದರೆ ಸರ್ಕಾರವೇ ನಮ್ಮ ಪರವಾಗಿ ಆರಿಸಿಬಿಟ್ಟರೆ ಆಗಲ್ವಾ?

ಬಲವಂತ ಮಾಡದೆ, ಏನೂ ಹೇಳದೆ ಸುಮ್ಮನಿದ್ದವರಿಗೆ ಯಾವುದು ಸಿಗಬೇಕು ಅನ್ನುವುದನ್ನಷ್ಟೇ ಬದಲಿಸಿದರೂ ಬಹಳ ವ್ಯತ್ಯಾಸ ಆಗುತ್ತದೆ. 2003ರ ಒಂದು ಅಧ್ಯಯನ ಅಂಗಾಂಗ ದಾನದ ಬಗ್ಗೆ ಇದನ್ನು ತೋರಿಸಿತು. ಜರ್ಮನಿಯಲ್ಲಿ ಬೇಕು ಅಂತ ಬರೆದು ಕೊಡಬೇಕಿತ್ತು, ಒಪ್ಪಿದವರು 12%. ಪಕ್ಕದ ಆಸ್ಟ್ರಿಯಾದಲ್ಲಿ ಬೇಡ ಅಂತ ಬರೆದು ಕೊಡಬೇಕಿತ್ತು, ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದವರ ಲೆಕ್ಕದಲ್ಲೇ ಬಂದರು.

ನಮ್ಮ ಬೆಳೆ ವಿಮೆಯೂ ಈಗ ಹೀಗೇ ಇದೆ. 2016ರಲ್ಲಿ ಫಸಲ್ ಬಿಮಾ ಶುರುವಾದಾಗ ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯ ಆಗಿತ್ತು. 2020ರ ಮುಂಗಾರಿನಿಂದ ಅದು ಅವರವರ ಇಷ್ಟ. ಆದರೆ ಸಾಲ ಪಡೆದವರು ಸುಮ್ಮನಿದ್ದರೆ ಬ್ಯಾಂಕು ಅವರನ್ನು ಸೇರಿಸಿಯೇ ಬಿಡುತ್ತದೆ. ರೈತರು ಕಟ್ಟುವ ಪ್ರೀಮಿಯಂ ವಿಮೆ ಮೊತ್ತದಲ್ಲಿ ಮುಂಗಾರಿಗೆ 2%, ಹಿಂಗಾರಿಗೆ 1.5%, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5%. ಹೋದ ವರ್ಷ ಕ್ಲೇಮು ಬರಲಿಲ್ಲ ಅಂತ ಮುನಿಸಿಕೊಂಡು ಹೊರಗೆ ಬರಬೇಡಿ. ಬೆಳೆ ಚೆನ್ನಾಗಿ ಬಂದ ವರ್ಷ ಕಟ್ಟಿದ ಪ್ರೀಮಿಯಂ ಲುಕ್ಸಾನಲ್ಲ. ಬೇರೆ ಲೆಕ್ಕ ಹಾಕಿ ಬೇಡ ಅಂತ ನಿರ್ಧರಿಸಿದ್ದರೆ ಬ್ಯಾಂಕಿಗೆ ಬರೆದು ಕೊಡಬೇಕು, ಅದೂ ನೋಂದಣಿಯ ಕೊನೆಯ ದಿನಕ್ಕೆ ಕನಿಷ್ಠ ಏಳು ದಿನ ಮುಂಚೆ. ಬಿತ್ತಿದ ಬೆಳೆ ಬೇರೆ, ಬ್ಯಾಂಕಿನಲ್ಲಿ ಬರೆಸಿದ ಬೆಳೆ ಬೇರೆ ಆಗಿದ್ದರೆ ಅದನ್ನೂ ಅದೇ ಭೇಟಿಯಲ್ಲಿ ತಿದ್ದಿಸಿಕೊಂಡು ಬನ್ನಿ.